ಮನೆಯಂಗಳದ ಆಂಟೆನಾ ಗೋಪುರ: ಹವ್ಯಾಸಿ ಬಾನುಲಿಯ ಒಂದು ಪಾಠ

ತಂತಿಯಿಲ್ಲದೆ ಮಾತನ್ನು ದೂರಕ್ಕೆ ಕಳುಹಿಸುವ ವಿದ್ಯೆ ಇಂದು ಮಕ್ಕಳಿಗೂ ಅಚ್ಚರಿಯ ಸಂಗತಿಯಾಗಿ ಉಳಿದಿಲ್ಲ. ಎಲ್ಲರ ಕೈಯಲ್ಲಿಯೂ ಮೊಬೈಲ್ ಫೋನಿದೆ. ಆದರೆ ಆ ಫೋನು ಮಾತನಾಡಬೇಕಾದರೆ ಹತ್ತಿರದಲ್ಲಿ ಕಂಪನಿಯ ಗೋಪುರವೊಂದು ನಿಂತಿರಬೇಕು. ಅದಕ್ಕೆ ವಿದ್ಯುತ್ತು ಬರುತ್ತಿರಬೇಕು. ಅಲ್ಲಿಂದ ಮುಂದಕ್ಕೆ ಹೋಗುವ ಕೇಬಲ್ಲು ತುಂಡಾಗದೆ ಇರಬೇಕು. ಇವುಗಳಲ್ಲಿ ಒಂದು ತಪ್ಪಿದರೂ ಫೋನು ಮೂಕವಾಗುತ್ತದೆ. ಹವ್ಯಾಸಿ ಬಾನುಲಿಯಾದರೋ ಇಂಥ ಯಾವ ನಡುವಣ ಏರ್ಪಾಟನ್ನೂ ನೆಚ್ಚಿಕೊಳ್ಳದೆ, ಒಂದು ಮನೆಯಿಂದ ಇನ್ನೊಂದು ಮನೆಗೆ ಅಲೆಗಳ ಮೂಲಕ ನೇರವಾಗಿ ಮಾತನಾಡುವ ವಿದ್ಯೆ. ಒಂದು ಪ್ರಸಾರಕ, ಒಂದು ಬ್ಯಾಟರಿ, ಎತ್ತರದಲ್ಲಿ ಕಟ್ಟಿದ ಒಂದು ಆಂಟೆನಾ, ಇವಿಷ್ಟೇ ಅದರ ಬಂಡವಾಳ.

ಈ ಮೂರರಲ್ಲಿ ಮೊದಲನೆಯ ಎರಡನ್ನು ಅಂಗಡಿಯಿಂದ ಕೊಂಡು ತರಬಹುದು. ಮೂರನೆಯದನ್ನು ಮಾತ್ರ ನಾವೇ ನಿಲ್ಲಿಸಬೇಕು. ಬಿರುಗಾಳಿ ಬೀಸಿ, ವಿದ್ಯುತ್ ಕಂಬಗಳು ಉರುಳಿ, ಫೋನುಗಳು ನಿಂತುಹೋದ ದಿನವೇ ಹವ್ಯಾಸಿ ಬಾನುಲಿಯ ಅಗತ್ಯ ಹೆಚ್ಚು. ಆಂಟೆನಾ ಹೊತ್ತ ಕಂಬ ಬೀಳುವ ಸಂಭವವೂ ಆ ದಿನವೇ ಹೆಚ್ಚು. ಆದಕಾರಣ ಶಾಂತವಾದ ದಿನ ನೆಟ್ಟಗೆ ನಿಂತಿರುವ ಗೋಪುರವನ್ನು ಕಂಡು ತೃಪ್ತಿಪಡುವಂತಿಲ್ಲ. ಅತ್ಯಂತ ಕೆಟ್ಟ ದಿನ ಅದು ನಿಲ್ಲುವುದೇ ಎಂಬುದೊಂದೇ ಪ್ರಶ್ನೆ. ಆ ಪ್ರಶ್ನೆಗೆ ಉತ್ತರವು ಗೋಪುರದ ತುದಿಯಲ್ಲಿಲ್ಲ, ಬುಡದಲ್ಲಿದೆ. ಇದನ್ನು ಲೆಕ್ಕಸಮೇತ ವಿವರಿಸುವುದು ಪ್ರಕೃತ ಲೇಖನದ ಉದ್ದೇಶ.

ಹವ್ಯಾಸಿ ಬಾನುಲಿಯ ಪರಿಚಯ

ಮನೆಯಲ್ಲಿ ಪ್ರಸಾರಕವನ್ನಿಟ್ಟುಕೊಂಡ ಪರಂಪರೆ ಕನ್ನಡ ನಾಡಿಗೆ ಹೊಸತಲ್ಲ. 1935ರಲ್ಲಿ ಮೈಸೂರಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಅಲ್ಪಶಕ್ತಿಯ ಪ್ರಸಾರಕವನ್ನು ಸ್ಥಾಪಿಸಿ ಬಾನುಲಿ ಕೇಂದ್ರವನ್ನು ನಡೆಸಿದರು. ಆ ಕೇಂದ್ರದ 'ಆಕಾಶವಾಣಿ' ಎಂಬ ಹೆಸರೇ ಮುಂದೆ ಇಡೀ ದೇಶದ ಬಾನುಲಿಯ ಹೆಸರಾಯಿತು. ಅದು ಬಹುಜನರು ಕೇಳಲೆಂದು ಮಾಡಿದ ಪ್ರಸಾರ. ಹವ್ಯಾಸಿ ಬಾನುಲಿಯು ಇಬ್ಬರ ನಡುವಣ ಸಂವಾದ. ಇಲ್ಲಿ ಹಣದ ಲಾಭಕ್ಕೆ ಎಡೆಯಿಲ್ಲ. ಕಲಿಯುವುದು, ಪ್ರಯೋಗ ಮಾಡುವುದು, ಆಪತ್ತಿನಲ್ಲಿ ನೆರವಾಗುವುದು ಇದರ ಗುರಿ. ಪರೀಕ್ಷೆಯಲ್ಲಿ ತೇರ್ಗಡೆಯಾದವರಿಗೆ ಕೇಂದ್ರ ಸರ್ಕಾರದ ದೂರಸಂಪರ್ಕ ಇಲಾಖೆಯು ಪರವಾನಗಿಯನ್ನೂ, 'ವಿ.ಯು.' ಎಂದು ಆರಂಭವಾಗುವ ಕರೆಸಂಕೇತವನ್ನೂ ಕೊಡುತ್ತದೆ.

ಇದರ ಬೆಲೆ ಲೋಕಕ್ಕೆ ತಿಳಿದದ್ದು ಆಪತ್ತಿನಲ್ಲಿ. 2004ರ ಡಿಸೆಂಬರಿನಲ್ಲಿ ಹೈದರಾಬಾದಿನ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯ ತಂಡವೊಂದು ಶ್ರೀಮತಿ ಭಾರತಿ ಪ್ರಸಾದ್ ಅವರ ಮುಂದಾಳುತನದಲ್ಲಿ ಅಂಡಮಾನಿನ ಪೋರ್ಟ್ ಬ್ಲೇರ್‌ಗೆ ಹೋಗಿತ್ತು. ದೂರದ ದ್ವೀಪದಿಂದ ಲೋಕದ ಹವ್ಯಾಸಿಗಳೊಡನೆ ಮಾತನಾಡುವುದಷ್ಟೇ ಅವರ ಉದ್ದೇಶವಾಗಿತ್ತು. 26ನೆಯ ತಾರೀಖು ಭೂಕಂಪವೂ ಸುನಾಮಿಯೂ ಬಂದೆರಗಿ ಸಾಧಾರಣ ಸಂಪರ್ಕಗಳು ಕಡಿದುಹೋದಾಗ, ಹವ್ಯಾಸಕ್ಕೆಂದು ಕಟ್ಟಿದ್ದ ಆ ಆಂಟೆನಾಗಳೇ ದ್ವೀಪದ ಸುದ್ದಿಯನ್ನು ಮುಖ್ಯಭೂಮಿಗೆ ಮುಟ್ಟಿಸಿದವು. ಆಂಟೆನಾ ಅಂದು ನಿಂತಿತ್ತು ಎಂಬುದೇ ಇಲ್ಲಿ ಗಮನಿಸಬೇಕಾದ ಮಾತು.

ಎತ್ತರ ಏಕೆ, ಎಷ್ಟು?

ಗೋಪುರ ಎತ್ತರವಾದಷ್ಟೂ ಒಳ್ಳೆಯದೆಂಬ ನಂಬಿಕೆ ಸಾಮಾನ್ಯವಾಗಿದೆ. ಇದು ಅರ್ಧ ಸತ್ಯ. ಬಾನುಲಿ ಅಲೆಯ ಉದ್ದವನ್ನು ತರಂಗದೂರವೆನ್ನುತ್ತೇವೆ. 300ನ್ನು ಮೆಗಾಹರ್ಟ್ಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ ತರಂಗದೂರ ಮೀಟರುಗಳಲ್ಲಿ ದೊರೆಯುತ್ತದೆ. ಹವ್ಯಾಸಿಗಳು ಬಹಳವಾಗಿ ಬಳಸುವ 14.2 ಮೆಗಾಹರ್ಟ್ಸ್‌ನಲ್ಲಿ ಇದು ಸುಮಾರು 21 ಮೀಟರು, 7.1 ಮೆಗಾಹರ್ಟ್ಸ್‌ನಲ್ಲಿ ಸುಮಾರು 42 ಮೀಟರು. ಈ ಅಲೆಗಳು ಮೇಲೇರಿ, ಅಯಾನುಮಂಡಲದಿಂದ ಬಾಗಿ, ಮತ್ತೆ ಭೂಮಿಗೆ ಇಳಿಯುತ್ತವೆ. ನೆಲಕ್ಕೆ ಸಮೀಪವಾದ ಕೋನದಲ್ಲಿ ಹೊರಟ ಅಲೆ ದೂರದೇಶಕ್ಕೆ ತಲಪುತ್ತದೆ. ನೆತ್ತಿಯ ಕಡೆಗೆ ಹೊರಟ ಅಲೆ ಹತ್ತಿರದಲ್ಲಿಯೇ ಇಳಿಯುತ್ತದೆ.

ಆಂಟೆನಾದಿಂದ ನೇರವಾಗಿ ಹೊರಟ ಅಲೆಯೂ ನೆಲಕ್ಕೆ ತಾಗಿ ಮರಳಿದ ಅಲೆಯೂ ಕೂಡಿ ಈ ಕೋನವನ್ನು ನಿರ್ಣಯಿಸುತ್ತವೆ. ತರಂಗದೂರವನ್ನು ಆಂಟೆನಾದ ಎತ್ತರದ ನಾಲ್ಕು ಪಟ್ಟಿನಿಂದ ಭಾಗಿಸಿದರೆ ಬರುವ ಸಂಖ್ಯೆಯು ಆ ಕೋನದ 'ಸೈನ್' ಬೆಲೆ. ಪ್ರೌಢಶಾಲೆಯ ಹುಡುಗರೇ ಇದನ್ನು ಲೆಕ್ಕಹಾಕಬಹುದು. 14.2 ಮೆಗಾಹರ್ಟ್ಸ್‌ನ ಅಡ್ಡ ಆಂಟೆನಾವನ್ನು 6 ಮೀಟರು ಎತ್ತರದಲ್ಲಿ ಕಟ್ಟಿದರೆ ಅಲೆಯ ಮುಖ್ಯಭಾಗ ಸುಮಾರು 62 ಡಿಗ್ರಿಯಲ್ಲಿ, ಎಂದರೆ ಬಹುಮಟ್ಟಿಗೆ ಆಕಾಶಕ್ಕೆ ಮುಖಮಾಡಿ ಹೊರಡುತ್ತದೆ. ಅದನ್ನೇ 12 ಮೀಟರಿಗೆ ಏರಿಸಿದರೆ ಕೋನ 26 ಡಿಗ್ರಿಗೆ ಇಳಿಯುತ್ತದೆ. ಆ ಆರು ಮೀಟರುಗಳ ಏರಿಕೆಗೆ ಸಿಕ್ಕುವ ಫಲ ದೊಡ್ಡದು. ಮುಂದೆ ಏರಿಸಿದಷ್ಟೂ ಖರ್ಚು ಮತ್ತು ಅಪಾಯ ಬೆಳೆಯುತ್ತವೆ. ಫಲ ಅದೇ ಪ್ರಮಾಣದಲ್ಲಿ ಬೆಳೆಯದು.

ಇನ್ನೊಂದು ವಿಶೇಷವುಂಟು. ನಮ್ಮ ರಾಜ್ಯದೊಳಗೆ ಆಪತ್ತು ಬಂದಾಗ ಬೇಕಾಗುವುದು ದೂರದೇಶದ ಸಂಪರ್ಕವಲ್ಲ. ಹಾಸನ, ಮಡಿಕೇರಿ, ಮಂಗಳೂರುಗಳ ಸಂಪರ್ಕ. ಇದಕ್ಕೆ ಹಗಲಿನಲ್ಲಿ 7 ಮೆಗಾಹರ್ಟ್ಸ್‌ನ ಅಲೆ ತಕ್ಕದ್ದು, ಮತ್ತು ಅದು ನೆತ್ತಿಯ ಕಡೆಗೆ ಹೊರಡಬೇಕು. ಕಾಲು ತರಂಗದೂರದ, ಎಂದರೆ 10 ಮೀಟರಿನ ಆಸುಪಾಸಿನ ಎತ್ತರ ಇದಕ್ಕೆ ಸಾಕು. ಒಂದೇ ಕಂಬದ ತುದಿಯಿಂದ ಎರಡು ಕಡೆಗೆ ತಲಾ 10 ಮೀಟರು ತಾಮ್ರದ ತಂತಿಯನ್ನು ಇಳಿಜಾರಾಗಿ, ತಲೆಕೆಳಗಾದ 'ವಿ' ಅಕ್ಷರದಂತೆ ಕಟ್ಟಿದರೆ ಆ ಆಂಟೆನಾ ಸಿದ್ಧ. ಪ್ರಸಾರದ ಕಾಲದಲ್ಲಿ ತಂತಿಯ ತುದಿಗಳಲ್ಲಿ ಹೆಚ್ಚಿನ ವೋಲ್ಟೇಜು ಇರುವುದರಿಂದ ಅವು ಯಾರ ಕೈಗೂ ಎಟುಕದಷ್ಟು ಮೇಲಿರಬೇಕು.

ಎತ್ತರವಿಲ್ಲದೆಯೂ ದೊಡ್ಡ ಕೆಲಸ ಸಾಧ್ಯವೆಂಬುದಕ್ಕೆ ದೊಡ್ಡಬಳ್ಳಾಪುರದಿಂದ ಉತ್ತರಕ್ಕೆ ಹೋಗುವ ಹಾದಿಯಲ್ಲಿರುವ ಗೌರಿಬಿದನೂರೇ ಸಾಕ್ಷಿ. ಅಲ್ಲಿ 1970ರ ದಶಕದಲ್ಲಿ ಭಾರತೀಯ ಖಭೌತ ಸಂಸ್ಥೆಯೂ ರಾಮನ್ ಸಂಶೋಧನ ಸಂಸ್ಥೆಯೂ ಕೂಡಿ 34.5 ಮೆಗಾಹರ್ಟ್ಸ್‌ನ ರೇಡಿಯೋ ದೂರದರ್ಶಕವನ್ನು ಕಟ್ಟಿದವು. ಸಾವಿರ ಸಣ್ಣ ಆಂಟೆನಾಗಳನ್ನು ನೆಲದ ಸಮೀಪದಲ್ಲಿಯೇ 'ಟಿ' ಆಕಾರದಲ್ಲಿ ಹರಡಲಾಗಿತ್ತು. ಅದರ ಪೂರ್ವಪಶ್ಚಿಮ ತೋಳು 1.4 ಕಿಲೋಮೀಟರು ಉದ್ದವಾಗಿತ್ತು. ಅಂತೆಯೇ ಬೆಂಗಳೂರಿನಲ್ಲಿ ಇಸ್ರೋ ಸಿದ್ಧಪಡಿಸಿ 2005ರ ಮೇ 5ರಂದು ಹಾರಿಸಿದ 42.5 ಕಿಲೋಗ್ರಾಂ ತೂಕದ 'ಹ್ಯಾಮ್‌ಸ್ಯಾಟ್' ಉಪಗ್ರಹವು 2014ರವರೆಗೆ ಕೆಲಸಮಾಡಿತು. ಅದರ ಮೂಲಕ ಮಾತನಾಡಲು ಕೈಯಲ್ಲಿ ಹಿಡಿಯುವ ಆಂಟೆನಾವೇ ಸಾಕಾಗುತ್ತಿತ್ತು. ಉದ್ದೇಶವನ್ನು ಮೊದಲು ನಿಶ್ಚಯಿಸಿ, ಎತ್ತರವನ್ನು ಆಮೇಲೆ ನಿಶ್ಚಯಿಸಬೇಕೆಂಬುದು ಇದರಿಂದ ಕಲಿಯಬೇಕಾದ ಪಾಠ. ಮನೆಗಾಗಲಿ ಶಾಲೆಗಾಗಲಿ 12 ಮೀಟರಿನ ಕಂಬ ಬಹುತೇಕ ಎಲ್ಲ ಅಗತ್ಯಗಳನ್ನೂ ಪೂರೈಸುತ್ತದೆ.

ಗಾಳಿಯ ಲೆಕ್ಕ

ಆಷಾಢದಲ್ಲಿ ದೊಡ್ಡಬಳ್ಳಾಪುರದ ಬಯಲಿನಲ್ಲಿ ಗಾಳಿಪಟ ಹಾರಿಸಿದ ಹುಡುಗನಿಗೆ ಗಾಳಿಯ ಎಳೆತವನ್ನು ಬೇರೆಯಾಗಿ ಹೇಳಿಕೊಡಬೇಕಾಗಿಲ್ಲ. ಆದರೆ ಆಷಾಢದ ಗಾಳಿ ಒಂದೇ ದಿಕ್ಕಿನಿಂದ ಸಮನಾಗಿ ಬೀಸುತ್ತದೆ. ಕಂಬಕ್ಕೆ ಹೆಚ್ಚು ಅಪಾಯಕಾರಿಯಾದದ್ದು ಅಶ್ವಿನಿ, ಭರಣಿ, ಕೃತ್ತಿಕೆ ಮಳೆಗಳ ಕಾಲದಲ್ಲಿ ಗುಡುಗಿನೊಡನೆ ಥಟ್ಟನೆ ಎರಗುವ ಗಾಳಿ.

ಕಟ್ಟಡಗಳ ಮೇಲಿನ ಗಾಳಿಯ ಹೊರೆಯನ್ನು ಕುರಿತ ಭಾರತೀಯ ಮಾನಕ 875ರ ಮೂರನೆಯ ಭಾಗವು ಬೆಂಗಳೂರಿಗೆ ಸೆಕೆಂಡಿಗೆ 33 ಮೀಟರು ಮೂಲ ಗಾಳಿವೇಗವೆಂದು ಗೊತ್ತುಮಾಡಿದೆ. ಇದು ಗಂಟೆಗೆ ಸುಮಾರು 119 ಕಿಲೋಮೀಟರು. ಗಾಳಿಯ ಒತ್ತಡವನ್ನು ತಿಳಿಯಲು ವೇಗದ ವರ್ಗವನ್ನು 0.6ರಿಂದ ಗುಣಿಸಬೇಕು. ಹೀಗೆ ಗುಣಿಸಿದರೆ ಚದರ ಮೀಟರಿಗೆ 653 ನ್ಯೂಟನ್, ಎಂದರೆ ಸುಮಾರು 67 ಕಿಲೋಗ್ರಾಂ ತೂಕದಷ್ಟು ಬಲ ದೊರೆಯುತ್ತದೆ. ವೇಗ ಅರ್ಧವಾದರೆ ಒತ್ತಡ ಅರ್ಧವಾಗುವುದಿಲ್ಲ, ಕಾಲುಭಾಗವಾಗುತ್ತದೆ. ಸಾಧಾರಣ ಗಾಳಿಯನ್ನು ವರ್ಷಗಟ್ಟಲೆ ತಡೆದ ಕಂಬ ಒಂದು ಸಂಜೆ ಉರುಳಿಬೀಳುವುದಕ್ಕೆ ಇದೇ ಕಾರಣ. ವೇಗ ಎರಡರಷ್ಟಾದರೆ ಹೊರೆ ನಾಲ್ಕರಷ್ಟಾಗುತ್ತದೆ.

ಈಗ ನಮ್ಮ ಆಂಟೆನಾವನ್ನು ನೋಡೋಣ. ಜಪಾನಿನ ಯಾಗಿ ಮತ್ತು ಉಡಾ ಎಂಬ ವಿಜ್ಞಾನಿಗಳು 1926ರಲ್ಲಿ ಲೋಕಕ್ಕೆ ತಿಳಿಸಿದ ಮಾದರಿಯೇ ಇಂದಿಗೂ ಹವ್ಯಾಸಿಗಳಿಗೆ ಪ್ರಿಯವಾದದ್ದು. ಹಿಂದೆ ಮನೆಗಳ ಮೇಲೆ ಕಾಣುತ್ತಿದ್ದ ದೂರದರ್ಶನದ ಆಂಟೆನಾವೂ ಇದೇ ಜಾತಿಯದು. 14 ಮೆಗಾಹರ್ಟ್ಸ್ ಮತ್ತು ಮೇಲಿನ ಅಲೆಗಳಿಗಾಗಿ ಮೂರು ಅಡ್ಡಕಡ್ಡಿಗಳ ಯಾಗಿಯು ಗಾಳಿಗೆ ಒಡ್ಡುವ ಮೈ ಸುಮಾರು ಅರ್ಧ ಚದರ ಮೀಟರು. ಅದರ ಮೇಲಿನ ಬಲ ಸುಮಾರು 33 ಕಿಲೋಗ್ರಾಂ. ಇದು ಅಲ್ಪವೆಂದು ತೋರಬಹುದು. ಆದರೆ ಇದು 12 ಮೀಟರು ಉದ್ದದ ಸನ್ನೆಯ ತುದಿಯಲ್ಲಿ ಎಳೆಯುತ್ತದೆ. ಬುಡದಿಂದ ಒಂದು ಮೀಟರು ಎತ್ತರದಲ್ಲಿ ಸುಮಾರು 400 ಕಿಲೋಗ್ರಾಂ ಬಲದಿಂದ ಎಳೆದಷ್ಟೇ ಇದರ ಪರಿಣಾಮ. ನಂದಿಕೋಲನ್ನು ಹೊತ್ತು ನಡೆದವರಿಗೆ ಇದು ಅನುಭವದಿಂದ ತಿಳಿದ ಮಾತು: ತುದಿಯ ಅಲುಗಾಟವೆಲ್ಲ ಸೊಂಟಕ್ಕೆ ಬಂದು ಮುಟ್ಟುತ್ತದೆ.

ಆಂಟೆನಾವೊಂದೇ ಅಲ್ಲ, ಕಂಬದ ಮೈಗೂ ಗಾಳಿ ತಾಗುತ್ತದೆ. ಎರಡು ಅಂಗುಲದ ಜಿ.ಐ. ಪೈಪಿನ ಹೊರವ್ಯಾಸ 60 ಮಿಲಿಮೀಟರು. 12 ಮೀಟರು ಉದ್ದಕ್ಕೆ ಅದು ಒಡ್ಡುವ ಮೈ 0.72 ಚದರ ಮೀಟರು. ಇದು ಆಂಟೆನಾದ್ದಕ್ಕಿಂತ ಹೆಚ್ಚು! ಆಂಟೆನಾದ ತೂಕವನ್ನೇ ನೋಡಿ 'ಹಗುರವಾಗಿದೆ, ಚಿಂತೆಯಿಲ್ಲ' ಎನ್ನುವವರು ಈ ಎರಡು ಲೆಕ್ಕಗಳನ್ನು ಕಾಣದೆ ಹೋಗುತ್ತಾರೆ. ಕಂಬವನ್ನು ಕೆಡವುವುದು ಆಂಟೆನಾದ ತೂಕವಲ್ಲ, ಗಾಳಿಯ ಅಡ್ಡಬಲ.

ದ್ರಾಕ್ಷಿ ಚಪ್ಪರದ ಪಾಠ

ಈ ಅಡ್ಡಬಲವನ್ನು ನೆಲಕ್ಕೆ ಸಾಗಿಸುವ ಸುಲಭ ಮಾರ್ಗವೆಂದರೆ ಸ್ಟೇ ತಂತಿ. ಇದನ್ನು ಕಲಿಯಲು ದೂರ ಹೋಗಬೇಕಾಗಿಲ್ಲ. ದೇವನಹಳ್ಳಿ, ದೊಡ್ಡಬಳ್ಳಾಪುರ ತಾಲ್ಲೂಕುಗಳ ದ್ರಾಕ್ಷಿ ತೋಟಗಳಲ್ಲಿ ಕಲ್ಲುಕಂಬಗಳ ಮೇಲೆ ತಂತಿಯ ಚಪ್ಪರ ಹಾಕಿರುವುದನ್ನು ಎಲ್ಲರೂ ಕಂಡಿದ್ದಾರೆ. ಒಳಗಿನ ಕಂಬಗಳು ಭಾರವನ್ನು ಮಾತ್ರ ಹೊರುತ್ತವೆ. ಅಂಚಿನ ಕಂಬಗಳು ಇಡೀ ಚಪ್ಪರದ ಎಳೆತವನ್ನು ತಡೆಯಬೇಕು. ಆದ್ದರಿಂದ ಅಂಚಿನ ಪ್ರತಿಯೊಂದು ಕಂಬದಿಂದ ಹೊರಮುಖವಾಗಿ ತಂತಿಯನ್ನು ಎಳೆದು, ನೆಲದಲ್ಲಿ ಹೂತ ಕಲ್ಲಿಗೆ ಬಿಗಿಯುತ್ತಾರೆ. ಆ ಕಲ್ಲು ಮೇಲೆದ್ದರೆ ಚಪ್ಪರ ಕುಸಿಯಿತೆಂದೇ ಅರ್ಥ. ಆಂಟೆನಾ ಕಂಬದ ಶಾಸ್ತ್ರವೂ ಇದೇ.

ಮೂರು ದಿಕ್ಕುಗಳಿಗೆ, ಒಂದಕ್ಕೊಂದು 120 ಡಿಗ್ರಿ ಅಂತರದಲ್ಲಿ ಸ್ಟೇ ತಂತಿಗಳಿರಬೇಕು. ಅವುಗಳನ್ನು ಬುಡದಿಂದ ಎಷ್ಟು ದೂರದಲ್ಲಿ ನೆಲಕ್ಕೆ ಬಿಗಿಯಬೇಕು? ಲೆಕ್ಕ ಹೀಗಿದೆ. ಆಂಟೆನಾ ಮತ್ತು ಪೈಪು ಎರಡರ ಮೇಲಿನ ಗಾಳಿಯನ್ನು ಕೂಡಿಸಿದರೆ, 11 ಮೀಟರು ಎತ್ತರದಲ್ಲಿ ಕಟ್ಟಿದ ತಂತಿಯು ತಡೆಯಬೇಕಾದ ಅಡ್ಡಬಲ ಸುಮಾರು 62 ಕಿಲೋಗ್ರಾಂ. ತಂತಿಯನ್ನು ಬುಡದಿಂದ 8 ಮೀಟರು ದೂರದಲ್ಲಿ ನೆಲಕ್ಕೆ ಬಿಗಿದರೆ ಅದರಲ್ಲಿನ ಎಳೆತ ಈ ಬಲದ 1.7ರಷ್ಟು, ಎಂದರೆ ಸುಮಾರು 105 ಕಿಲೋಗ್ರಾಂ. ಜಾಗ ಸಾಲದೆಂದು 3 ಮೀಟರು ದೂರದಲ್ಲಿಯೇ ಬಿಗಿದರೆ ಎಳೆತ 3.8ರಷ್ಟಾಗಿ ಸುಮಾರು 236 ಕಿಲೋಗ್ರಾಮಿಗೆ ಏರುತ್ತದೆ. ಅಷ್ಟೇ ಅಲ್ಲದೆ ಕಂಬವನ್ನು ಕೆಳಕ್ಕೆ ಒತ್ತುವ ಬಲವೂ ಹಾಗೆಯೇ ಏರಿ ಪೈಪು ನಡುವಿನಲ್ಲಿ ಬಾಗತೊಡಗುತ್ತದೆ. ಕಂಬದ ಎತ್ತರದ ನೂರಕ್ಕೆ 60ರಿಂದ 80ರಷ್ಟು ದೂರ ತಕ್ಕದ್ದೆಂಬ ವಾಡಿಕೆ ಹೀಗೆ ಬಂದದ್ದು. ತೆಳುವಾದ ಪೈಪು ನಡುವಿನಲ್ಲಿ ಬಾಗದಂತೆ 6 ಮೀಟರು ಎತ್ತರದಲ್ಲಿ ಇನ್ನೊಂದು ಸುತ್ತು ತಂತಿ ಅವಶ್ಯ. ಇವೆಲ್ಲ ವಿಷಯ ತಿಳಿಯಲೆಂದು ಸರಳಗೊಳಿಸಿದ ಲೆಕ್ಕಗಳು. ಕಟ್ಟುವ ಮುನ್ನ ಸಿವಿಲ್ ಎಂಜಿನಿಯರರಿಂದ ಪೂರ್ಣ ಲೆಕ್ಕವನ್ನು ಮಾಡಿಸತಕ್ಕದ್ದು.

ರಸ್ತೆಯ ಬದಿಯ ವಿದ್ಯುತ್ ಕಂಬದ ಸ್ಟೇ ತಂತಿಯ ನಡುವೆ ಮೊಟ್ಟೆಯಾಕಾರದ ಪಿಂಗಾಣಿಯನ್ನು ಕಾಣುತ್ತೇವೆ. ಅದನ್ನು ನಮ್ಮ ಸ್ಟೇ ತಂತಿಗಳಿಗೂ ಅಲ್ಲಲ್ಲಿ ಹಾಕಬೇಕು. ಉದ್ದವಾದ ಲೋಹದ ತಂತಿಯು ತಾನೇ ಆಂಟೆನಾದಂತೆ ವರ್ತಿಸಿ ಅಲೆಯನ್ನು ಕೆಡಿಸದಿರಲೆಂದು ಈ ಏರ್ಪಾಟು. ಪಿಂಗಾಣಿಯ ಎರಡು ಕಡೆಯ ಕುಣಿಕೆಗಳು ಒಂದರೊಳಗೊಂದು ಹೆಣೆದುಕೊಂಡಿರುವುದರಿಂದ, ಅದು ಒಡೆದರೂ ತಂತಿ ಬಿಟ್ಟುಹೋಗುವುದಿಲ್ಲ. ತಂತಿಯ ಕುಣಿಕೆಗೆ ಹಾಕುವ ಯು-ಬೋಲ್ಟು ಕ್ಲಿಪ್ಪುಗಳ ವಿಷಯದಲ್ಲಿಯೂ ಒಂದು ನಿಯಮವುಂಟು. ಬಾಗಿದ ಬೋಲ್ಟು ತಂತಿಯ ಬಿಡಿತುದಿಯ ಮೇಲೆ ಕೂರಬೇಕು. ಚಪ್ಪಟೆಯಾದ ಪೀಠವು ಭಾರ ಹೊರುವ ತಂತಿಯ ಮೇಲೆ ಕೂರಬೇಕು. ಇದನ್ನು ತಿರುಗಿಸಿ ಹಾಕಿದರೆ ಬೋಲ್ಟು ಭಾರ ಹೊರುವ ತಂತಿಯನ್ನೇ ಜಜ್ಜಿ ದುರ್ಬಲಗೊಳಿಸುತ್ತದೆ. ತಂತಿಯನ್ನು ಬಿಗಿಯುವ ಟರ್ನ್‌ಬಕಲ್ಲು ಕಂಬದ ಅಲುಗಾಟಕ್ಕೆ ತಾನಾಗಿ ಬಿಚ್ಚಿಕೊಳ್ಳದಂತೆ ಅದರ ನಡುವೆ ತಂತಿಯೊಂದನ್ನು ಪೋಣಿಸಿ ಕಟ್ಟಬೇಕು.

ಬುಡ ಮತ್ತು ನೆಲ

ಸ್ಟೇ ತಂತಿಯ ಕೊನೆಯಲ್ಲಿ ನೆಲದೊಳಗಿನ ಕಾಂಕ್ರೀಟಿನ ಗಟ್ಟಿಯು ಆಧಾರ. ಪ್ರತಿ ಬದಿಯೂ 60 ಸೆಂಟಿಮೀಟರು ಇರುವ ಗಟ್ಟಿಯ ತೂಕ ಸುಮಾರು 520 ಕಿಲೋಗ್ರಾಂ. ಮೇಲಿನ ಲೆಕ್ಕದಲ್ಲಿ 8 ಮೀಟರು ದೂರದ ತಂತಿಯು ಇದನ್ನು ಮೇಲಕ್ಕೆಳೆಯುವ ಬಲ ಸುಮಾರು 85 ಕಿಲೋಗ್ರಾಂ ಮಾತ್ರ. ಈ ಅಂತರ ದುಂದಲ್ಲ. ಮಳೆಯಲ್ಲಿ ನೆನೆದ ಮಣ್ಣಿಗೂ, ಲೆಕ್ಕಕ್ಕೆ ಮೀರಿದ ಗಾಳಿಗೂ, ಕಾಲಕ್ರಮದ ಸವೆತಕ್ಕೂ ಇದರಲ್ಲಿ ಎಡೆಯಿರಬೇಕು. ಕಾಂಕ್ರೀಟಿಗೆ ದಿನವೂ ನೀರುಣಿಸಿ, 28 ದಿನಗಳು ಕಳೆದ ಮೇಲೆಯೇ ಅದರ ಮೇಲೆ ಭಾರ ಹಾಕಬೇಕು. ಕಂಬ ನಿಲ್ಲಿಸುವ ಆತುರದಲ್ಲಿ ಮೊದಲು ಬಲಿಯಾಗುವುದು ಈ 28 ದಿನಗಳೇ.

ನಮ್ಮ ಈ ಭಾಗದ ಕೆಂಪುಮಣ್ಣು ಒಣಗಿದಾಗ ಗಟ್ಟಿ. ಕೆಲವು ಕಡೆ ಸ್ವಲ್ಪ ಅಗೆದರೆ ಬಂಡೆಯೇ ಸಿಕ್ಕುತ್ತದೆ. ಕೆರೆಯ ಕೆಳಗಿನ ಜಿಗುಟುಮಣ್ಣು ಹಾಗಲ್ಲ. ಅಲ್ಲಿ ಬುಡವೂ ಗಟ್ಟಿಗಳೂ ದೊಡ್ಡವಾಗಬೇಕು. ತಾರಸಿಯ ಮೇಲೆ ಕಂಬ ನಿಲ್ಲಿಸುವವರು ಅದರ ಭಾರವು ಕೆಳಗಿನ ಕಂಬ ತೊಲೆಗಳಿಗೆ ಇಳಿಯುವಂತೆ ನೋಡಿಕೊಳ್ಳಬೇಕು. ತಾರಸಿಯ ಅಂಚಿನ ಮೋಟುಗೋಡೆಗೆ ಸ್ಟೇ ತಂತಿಯನ್ನು ಕಟ್ಟಲೇಬಾರದು. ಇಟ್ಟಿಗೆಯ ಗೋಡೆ ಮೇಲಿನ ಭಾರವನ್ನು ಹೊರಬಲ್ಲುದು, ಅಡ್ಡ ಎಳೆತವನ್ನು ತಡೆಯಲಾರದು. ಹೆಂಚಿನ ಮನೆಯ ಮೇಲೆ ಕಂಬದ ಯೋಚನೆಯನ್ನೇ ಬಿಟ್ಟು ಅಂಗಳದಲ್ಲಿ ನಿಲ್ಲಿಸುವುದು ಲೇಸು.

ನಿಲ್ಲಿಸುವ ಕ್ರಮ

ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ವಿದ್ಯುತ್ ತಂತಿಗಳನ್ನು. ಕಂಬವು ಯಾವ ಕಡೆಗೆ ಬಿದ್ದರೂ ಯಾವ ವಿದ್ಯುತ್ ತಂತಿಗೂ ತಾಗಬಾರದು. ಕಂಬ ಮತ್ತು ಆಂಟೆನಾಗಳ ಒಟ್ಟು ಎತ್ತರದ ಒಂದೂವರೆಯಷ್ಟು ಅಂತರವಾದರೂ ಬೇಕು. 11 ಸಾವಿರ ವೋಲ್ಟಿನ ತಂತಿಗೆ ಪೈಪು ತಾಗಿದರೆ ಅದನ್ನು ಹಿಡಿದಿದ್ದ ಎಲ್ಲರ ಪ್ರಾಣಕ್ಕೂ ಅಪಾಯ. ಅಂತರ ಸಾಲದಿದ್ದರೆ ಜಾಗ ಬದಲಿಸಬೇಕು, ಬೇರೆ ಉಪಾಯವಿಲ್ಲ.

ಶಾಲೆಗೆ ಅತ್ಯುತ್ತಮವಾದದ್ದು ಬುಡದಲ್ಲಿ ಕೀಲುಳ್ಳ, ಮಲಗಿಸಿ ಎತ್ತಬಹುದಾದ ಕಂಬ. 12 ಮೀಟರಿನ ಎರಡು ಅಂಗುಲದ ಪೈಪಿನ ತೂಕ ಸುಮಾರು 60 ಕಿಲೋಗ್ರಾಂ. ಬುಡದ ಬಳಿ ಗಿಡ್ಡವಾದ ಇನ್ನೊಂದು ಕಂಬವನ್ನು ನಿಲ್ಲಿಸಿ, ಅದರ ಮೇಲಿಂದ ಹಗ್ಗವನ್ನು ಹಾಯಿಸಿ ರಾಟೆಯಿಂದ ಎಳೆದರೆ ಕಂಬ ಮೇಲೇಳುತ್ತದೆ. ಎಳೆತ ಅತಿ ಹೆಚ್ಚಾಗಿರುವುದು ಮೊದಲ ಕ್ಷಣದಲ್ಲಿ, ಕಂಬ ಇನ್ನೂ ನೆಲದ ಮೇಲೆ ಮಲಗಿರುವಾಗ. ಪಕ್ಕದ ಎರಡು ದಿಕ್ಕಿನ ತಂತಿಗಳನ್ನು ತಲಾ ಒಬ್ಬರು ಹಿಡಿದು, ಕಂಬ ಅತ್ತಿತ್ತ ವಾಲದಂತೆ ನೋಡಿಕೊಳ್ಳಬೇಕು. ಆಜ್ಞೆ ಕೊಡುವವರು ಒಬ್ಬರೇ ಇರಬೇಕು. ಕಂಬ ಬೀಳಬಹುದಾದ ವೃತ್ತದೊಳಗೆ ವಿದ್ಯಾರ್ಥಿಗಳು ಇರಬಾರದು. ಹೀಗೆ ಮಲಗಿಸಬಹುದಾದ ಕಂಬದಲ್ಲಿ ಆಂಟೆನಾವನ್ನು ಕಟ್ಟುವ, ಬಿಚ್ಚುವ, ತಿದ್ದುವ ಎಲ್ಲ ಕೆಲಸವೂ ನೆಲದ ಮೇಲೆಯೇ ಆಗುತ್ತದೆ.

ಕಬ್ಬಿಣದ ಪಟ್ಟಿಗಳ ಗೋಪುರವನ್ನು ಏರಲೇಬೇಕಾದಲ್ಲಿ ಅದು ತರಬೇತಿ ಪಡೆದ ವಯಸ್ಕರ ಕೆಲಸ. ಇಡೀ ಮೈಯನ್ನು ಹಿಡಿಯುವ ಸುರಕ್ಷಾ ಪಟ್ಟಿ ಮತ್ತು ಎರಡು ಕೊಕ್ಕೆಗಳು ಬೇಕು. ಒಂದು ಕೊಕ್ಕೆಯನ್ನು ಬಿಚ್ಚುವ ಮೊದಲು ಇನ್ನೊಂದು ಸಿಕ್ಕಿಸಿರಬೇಕು. ಉಪಕರಣಗಳನ್ನು ಕೈಯಲ್ಲಿ ಹಿಡಿದು ಏರದೆ ಹಗ್ಗದಲ್ಲಿ ಎಳೆದುಕೊಳ್ಳಬೇಕು. ಮೇಲೆ ಜನರಿರುವಾಗ ಕೆಳಗೆ ಯಾರೂ ಯಾವ ಸ್ಟೇ ತಂತಿಯನ್ನೂ ಸಡಿಲಿಸಬಾರದು. ಪ್ರಸಾರಕದ ಸ್ವಿಚ್ಚು ತೆಗೆದು, ಅದರ ಬೀಗದ ಕೈ ಮೇಲೇರಿದವರ ಜೇಬಿನಲ್ಲಿಯೇ ಇರುವುದು ಉತ್ತಮ.

ಸಿಡಿಲಿನ ವಿಚಾರ

ಸುತ್ತಮುತ್ತ ಎಲ್ಲಕ್ಕಿಂತ ಎತ್ತರವಾದ ಲೋಹಕ್ಕೆ ಸಿಡಿಲು ಬಡಿಯುವ ಸಂಭವ ಹೆಚ್ಚು. ಸಿಡಿಲಿನ ವಿದ್ಯುತ್ತು ಸಾವಿರಾರು ಆಂಪಿಯರ್. ಅದನ್ನು ತಡೆಯುವುದು ನಮ್ಮಿಂದಾಗದು. ಅದು ಮನೆಯೊಳಗೆ ಬಾರದಂತೆ ನೇರವಾಗಿ ನೆಲಕ್ಕೆ ದಾರಿ ತೋರಿಸುವುದಷ್ಟೇ ಸಾಧ್ಯ. ಕಂಬದ ಬುಡಕ್ಕೂ ಪ್ರತಿಯೊಂದು ಸ್ಟೇ ತಂತಿಗೂ ಅರ್ಥಿಂಗ್ ಮಾಡಿಸಬೇಕು. ತಾಮ್ರದ ಪಟ್ಟಿ ಚೂಪಾದ ತಿರುವುಗಳಿಲ್ಲದೆ, ಹತ್ತಿರದ ದಾರಿಯಲ್ಲಿ ನೆಲಕ್ಕಿಳಿಯಬೇಕು. ಕಂಬದ ಅರ್ಥಿಂಗನ್ನೂ ಮನೆಯ ಅರ್ಥಿಂಗನ್ನೂ ಒಂದಕ್ಕೊಂದು ಜೋಡಿಸಬೇಕು. ಬೇರೆಬೇರೆಯಾಗಿಟ್ಟರೆ ಸಿಡಿಲಿನ ಕ್ಷಣದಲ್ಲಿ ಎರಡರ ನಡುವೆ ಅಪಾಯಕರ ವೋಲ್ಟೇಜು ಹುಟ್ಟಿ, ಅದು ಉಪಕರಣಗಳ ಮೂಲಕವೋ ಮನುಷ್ಯರ ಮೂಲಕವೋ ಹಾಯುತ್ತದೆ.

ನಮ್ಮ ನೆಲದಲ್ಲಿ ಇದು ಸುಲಭವಲ್ಲ. ಬೇಸಗೆಯಲ್ಲಿ ಒಣಗಿದ ಕೆಂಪುಮಣ್ಣೂ ಅದರ ಕೆಳಗಿನ ಬಂಡೆಯೂ ವಿದ್ಯುತ್ತನ್ನು ಚೆನ್ನಾಗಿ ಹರಿಯಗೊಡವು. ಸಿಡಿಲಿನ ಕಾಲ ಆರಂಭವಾಗುವುದು ಅದೇ ಬೇಸಗೆಯ ಕೊನೆಯಲ್ಲಿ. ಆದ್ದರಿಂದ ಒಂದೇ ಆಳವಾದ ಗುಂಡಿಯ ಬದಲು ಹಲವು ಗುಂಡಿಗಳನ್ನು ತೋಡಿ, ಅವುಗಳನ್ನು ನೆಲದೊಳಗೆ ಹೂತ ಪಟ್ಟಿಯಿಂದ ಸೇರಿಸಿ, ಬೇಸಗೆಯಲ್ಲಿ ನೀರುಣಿಸುತ್ತಿರಬೇಕು. ಇಷ್ಟೆಲ್ಲ ಮಾಡಿದ ಮೇಲೂ, ಮೋಡ ಕವಿದೊಡನೆ ಆಂಟೆನಾದ ಕೇಬಲ್ಲನ್ನು ಕಳಚಿ ಕಟ್ಟಡದ ಹೊರಗೇ ಅರ್ಥಿಂಗಿಗೆ ಸೇರಿಸುವ ಅಭ್ಯಾಸವನ್ನು ಬಿಡಬಾರದು. ಗುಡುಗು ಕೇಳಿಸುತ್ತಿರುವಷ್ಟು ಹೊತ್ತೂ ಪ್ರಸಾರಕದ ಬಳಿ ಯಾರೂ ಕುಳಿತಿರಬಾರದು.

ಅನುಮತಿ ಮತ್ತು ನೆರೆಹೊರೆ

2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಕೆಂಪೇಗೌಡ ವಿಮಾನ ನಿಲ್ದಾಣ ಆರಂಭವಾಯಿತು. ಯಲಹಂಕದಲ್ಲಿ ವಾಯುಸೇನೆಯ ನಿಲ್ದಾಣವಿದೆ. ಇಂಥ ನಿಲ್ದಾಣಗಳ ಸುತ್ತಣ ಪ್ರದೇಶದಲ್ಲಿ ಕಟ್ಟಡಗಳಿಗೂ ಕಂಬಗಳಿಗೂ ಎತ್ತರದ ಮಿತಿಗಳುಂಟು. ಸಮುದ್ರಮಟ್ಟದಿಂದ ಜಾಗದ ಎತ್ತರವೂ ಈ ಲೆಕ್ಕಕ್ಕೆ ಸೇರುವುದರಿಂದ, ದಿಬ್ಬದ ಮೇಲಿನ ಗಿಡ್ಡ ಕಂಬವೂ ಮಿತಿಯನ್ನು ಮೀರಬಹುದು. ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲಗಳಲ್ಲಿ ಕಂಬ ನಿಲ್ಲಿಸಬಯಸುವವರು ವಿಮಾನ ನಿಲ್ದಾಣ ಪ್ರಾಧಿಕಾರ ಮತ್ತು ಸ್ಥಳೀಯ ಆಡಳಿತದ ನಿಯಮಗಳನ್ನು ಮೊದಲೇ ವಿಚಾರಿಸಬೇಕು. ಹವ್ಯಾಸಿ ಬಾನುಲಿಗೆ 1978ರ ನಿಯಮಗಳು ಬಹುಕಾಲ ಆಧಾರವಾಗಿದ್ದವು. 2023ರಲ್ಲಿ ಹೊಸ ದೂರಸಂಪರ್ಕ ಕಾಯ್ದೆ ಬಂದಿದೆ. ಆದ್ದರಿಂದ ಹಳೆಯ ಪುಸ್ತಕವನ್ನೇ ನೆಚ್ಚದೆ, ಅರ್ಜಿ ಹಾಕುವ ದಿನದ ನಿಯಮವನ್ನು ಇಲಾಖೆಯಿಂದಲೇ ತಿಳಿಯುವುದು ಮೇಲು.

ಕಾಗದದ ಅನುಮತಿಯಷ್ಟೇ ಮುಖ್ಯವಾದದ್ದು ನೆರೆಯವರ ಒಪ್ಪಿಗೆ. ಮೊಬೈಲ್ ಗೋಪುರವೆಂದು ಭಾವಿಸಿ ಅವರು ಅಂಜಬಹುದು. ಕಂಬವು ಏನು, ಏಕೆ, ಬಿದ್ದರೆ ಎಲ್ಲಿ ಬೀಳುತ್ತದೆ ಎಂಬುದನ್ನು ಅವರಿಗೆ ಮೊದಲೇ ತೋರಿಸಿ ಹೇಳಬೇಕು. ಸ್ಟೇ ತಂತಿಗಳು ನಮ್ಮ ಬೇಲಿಯನ್ನು ದಾಟಬಾರದು. ಸಂಜೆಗತ್ತಲಲ್ಲಿ ಓಡುವ ಮಕ್ಕಳಿಗೂ ಬೈಸಿಕಲ್ಲಿನವರಿಗೂ ಕಾಣುವಂತೆ ತಂತಿಯ ಕೆಳಭಾಗಕ್ಕೆ ಹಳದಿ ಬಣ್ಣದ ಕೊಳವೆಯನ್ನು ತೊಡಿಸಬೇಕು.

ಶಾಲೆಗಳಿಗೆ ಒಂದು ಸಲಹೆ

ಇಂಥ ಒಂದು ಕಂಬ ಶಾಲೆಯ ಅಂಗಳದಲ್ಲಿದ್ದರೆ ಅದು ಹಲವು ತರಗತಿಗಳಿಗೆ ಪಾಠವಾಗುತ್ತದೆ. ಸೈನ್ ಪಟ್ಟಿಯನ್ನು ಬಾಯಿಪಾಠ ಮಾಡುವ ಹುಡುಗನು ಅಲೆಯ ಕೋನವನ್ನು ಲೆಕ್ಕಹಾಕಿ, ಅಂದು ಸಂಜೆ ಎಷ್ಟು ದೂರದವರು ಉತ್ತರಿಸಿದರೆಂದು ನಕ್ಷೆಯಲ್ಲಿ ಗುರುತಿಸಬಹುದು. ಸನ್ನೆ, ಬಲಗಳ ವಿಭಜನೆ, ವಿದ್ಯುತ್ತು, ಮಣ್ಣು, ಹವಾಮಾನ, ಭೂಗೋಳ ಎಲ್ಲವೂ ಇಲ್ಲಿ ಒಂದೆಡೆ ಸೇರುತ್ತವೆ. ಆರಂಭಕ್ಕೆ ದೊಡ್ಡ ಯಾಗಿ ಬೇಡ. ತಲೆಕೆಳಗಾದ 'ವಿ' ತಂತಿಯೊಂದು ಸಾಕು. ಪರವಾನಗಿಗೆ ಮೊದಲು ಕೇಳುವ ಅಭ್ಯಾಸದಿಂದ ಆರಂಭಿಸಬಹುದು. ಬೆಂಗಳೂರಿನಲ್ಲಿ ಹವ್ಯಾಸಿಗಳ ಹಳೆಯ ಸಂಘವೂ, ಪರೀಕ್ಷೆಗೆ ತರಬೇತಿ ಕೊಡುವವರೂ ಇರುವುದು ನಮ್ಮ ತಾಲ್ಲೂಕುಗಳಿಗೆ ಅನುಕೂಲವೇ ಸರಿ.

ಕೊನೆಯದಾಗಿ ಹಳೆಯ ವಿದ್ಯಾರ್ಥಿಗಳಲ್ಲಿಯೂ ದಾನಿಗಳಲ್ಲಿಯೂ ಒಂದು ವಿಜ್ಞಾಪನೆ. ಗೋಪುರಕ್ಕೆಂದು ಕೊಡುವ ಹಣ ಸಾಮಾನ್ಯವಾಗಿ ಕಣ್ಣಿಗೆ ಕಾಣುವ ಭಾಗಕ್ಕೆ ಸಲ್ಲುತ್ತದೆ. ಹೆಸರು ಕೆತ್ತಿಸುವ ಫಲಕವೂ ಅಲ್ಲಿಯೇ. ಆದರೆ ಗೋಪುರವನ್ನು ಕಾಯುವುದು ಮಣ್ಣಿನೊಳಗಿನ ಕಾಂಕ್ರೀಟು, ಅದರಾಚೆ ಹೂತ ತಾಮ್ರದ ಪಟ್ಟಿ, ವರ್ಷಕ್ಕೆರಡು ಸಲದ ತಪಾಸಣೆ. ಯುಗಾದಿ ಕಳೆದೊಡನೆ ಅಶ್ವಿನಿ ಮಳೆಗೆ ಮುಂಚೆ ಒಮ್ಮೆ, ದೀಪಾವಳಿಯ ಬಳಿಕ ಮಳೆಗಾಲ ಹಿಂದಾದ ಮೇಲೆ ಇನ್ನೊಮ್ಮೆ ತುಕ್ಕು, ಸಡಿಲವಾದ ನಟ್ಟು, ಬಿರುಕುಬಿಟ್ಟ ಕೇಬಲ್ಲು, ಕಡಿದ ಅರ್ಥಿಂಗು ಇವುಗಳನ್ನು ನೋಡಿಸಬೇಕು. ಇದಕ್ಕೆ ತಗಲುವ ಹಣ ದೊಡ್ಡದಲ್ಲ, ಆದರೆ ಪ್ರತಿವರ್ಷವೂ ಬೇಕು. ಗೋಪುರವನ್ನು ಕೊಡುವವರು ಅದರ ಬುಡಕ್ಕೂ ಮುಂದಿನ ಹತ್ತು ವರ್ಷಗಳ ಪಾಲನೆಗೂ ಸೇರಿಸಿ ಕೊಡಲಿ. ಪಾಲನೆಗೆ ಹಣ ಸಾಲದೆಂದು ಕಂಡರೆ 12 ಮೀಟರನ್ನು 9 ಮೀಟರಿಗೆ ಇಳಿಸಿದರೂ ನಷ್ಟವಿಲ್ಲ. ಗಟ್ಟಿಯಾಗಿ ನಿಂತ 9 ಮೀಟರಿನ ಕಂಬದಿಂದ ರಾಜ್ಯದ ಬಹುಭಾಗಕ್ಕೆ ಮಾತು ತಲಪುತ್ತದೆ. ಉರುಳಿದ 30 ಮೀಟರಿನ ಗೋಪುರದಿಂದ ಪಕ್ಕದ ಊರಿಗೂ ತಲಪದು.